ನೈರೋಬಿಯಲ್ಲಿ ಮೊದಲ ತಿಂಗಳು: ರಾಗಿ ಹಿಟ್ಟು ಹೊತ್ತು ತರಬೇಡಿ

ನೈರೋಬಿಯಲ್ಲಿ ಕೆಲಸ ಸಿಕ್ಕಿದೆ ಎಂದು ಫೋನ್ ಮಾಡುವ ನಮ್ಮವರೆಲ್ಲ ಕೊನೆಗೆ ಕೇಳುವುದು ಒಂದೇ: ‘ರಾಗಿ ಹಿಟ್ಟು ಎಷ್ಟು ಕೆ.ಜಿ. ತರಲಿ ಸಾರ್?’ ಒಂದು ಹಿಡಿಯೂ ಬೇಡ. ಯಾಕೆಂದು ಆಮೇಲೆ ಹೇಳುತ್ತೇನೆ. ಸೂಟ್‌ಕೇಸಿನ ಆ ಜಾಗದಲ್ಲಿ ಎರಡು ಸ್ವೆಟರ್ ಇಡಿ. ಊರು ಸಮಭಾಜಕ ವೃತ್ತದ ಪಕ್ಕದಲ್ಲೇ ಇದ್ದರೂ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ತುಸು ತಗ್ಗು ಅಷ್ಟೆ. ಜುಲೈ ತಿಂಗಳ ಬೆಳಗಿನ ಚಳಿಗೆ ಆಫ್ರಿಕಾ ಎಂದರೆ ಬರೀ ಬಿಸಿಲು ಎಂಬ ಭ್ರಮೆ ಎರಡೇ ದಿನಕ್ಕೆ ಇಳಿದುಹೋಗುತ್ತದೆ.

ಹೊರಡುವ ಮುನ್ನ

ವರ್ಕ್ ಪರ್ಮಿಟ್‌ನ ಓಡಾಟ ಕಂಪನಿಯದು. ‘ಸದ್ಯಕ್ಕೆ ಟೂರಿಸ್ಟ್ ಆಗಿ ಬಂದುಬಿಡಿ, ಆಮೇಲೆ ನೋಡೋಣ’ ಎನ್ನುವವರನ್ನು ನಂಬಬೇಡಿ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡು, ಸರ್ಟಿಫಿಕೇಟನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ರಜೆಗೆ ಊರಿಗೆ ಬಂದಾಗ ನಮ್ಮದೇ ವಿಮಾನ ನಿಲ್ದಾಣದಲ್ಲಿ ಅದನ್ನು ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್. ಚಟ್ನಿಪುಡಿ ಕಟ್ಟಿಕೊಡುವ ಅಮ್ಮನಿಗೆ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬೇಡವೆಂದು ಹೇಳಿ. ಕೀನ್ಯಾದಲ್ಲಿ 2017ರಿಂದ ಅದಕ್ಕೆ ನಿಷೇಧವಿದೆ, ದಂಡವೂ ಭಾರಿ. ಡಬ್ಬಿಯೇ ಸೈ.

ಇಳಿದ ದಿನವೇ ಸಿಮ್, ಅದರ ಜೊತೆ ಎಂ-ಪೆಸಾ

ಬ್ಯಾಂಕ್ ಖಾತೆ ನಿಧಾನಕ್ಕೆ ಆಗಲಿ, ಇದು ಮಾತ್ರ ಅಂದೇ ಆಗಬೇಕು. ಪಾಸ್‌ಪೋರ್ಟ್ ತೋರಿಸಿ ಸಫಾರಿಕಾಮ್ ಕಂಪನಿಯ ಸಿಮ್ ತೆಗೆದುಕೊಳ್ಳಿ, ಫೋನಿನಲ್ಲೇ ದುಡ್ಡು ಇಟ್ಟು ಕಳಿಸುವ ಎಂ-ಪೆಸಾ ಶುರುಮಾಡಿಸಿ, ಪಿನ್ ಹಾಕಿಕೊಳ್ಳಿ. ನಮ್ಮಲ್ಲಿ ಯುಪಿಐ ಬಂದದ್ದು 2016ರಲ್ಲಿ. ಇಲ್ಲಿಯವರು 2007ರಿಂದಲೇ ಫೋನಿನಲ್ಲಿ ದುಡ್ಡು ಕಳಿಸುತ್ತಿದ್ದಾರೆ. ಇಲ್ಲಿ ದುಡ್ಡು ಕೂರುವುದು ನಿಮ್ಮ ಫೋನ್ ನಂಬರಿನ ಮೇಲೆ. ಬೀದಿ ಬೀದಿಯಲ್ಲೂ ಇರುವ ಏಜೆಂಟನಿಗೆ ನೋಟು ಕೊಟ್ಟರೆ ನಿಮ್ಮ ಫೋನಿಗೆ ಮೆಸೇಜ್ ಬರುತ್ತದೆ. ಮೆಸೇಜ್ ಬರುವ ತನಕ ಕಿಟಕಿ ಬಿಟ್ಟು ಕದಲಬೇಡಿ. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ, ಮಾಮೂಲಿ ಬಟನ್ ಫೋನ್ ಸಾಕು.

ಅಂಗಡಿಯ ಗೋಡೆ ಮೇಲೆ ‘ಟಿಲ್’ ನಂಬರ್ ಇದ್ದರೆ ಆ ನಂಬರ್ ಒತ್ತಿ ಮೊತ್ತ ಹಾಕಿದರೆ ಮುಗಿಯಿತು. ‘ಪೇಬಿಲ್’ ಎಂದಿದ್ದರೆ ಅಕೌಂಟ್ ನಂಬರನ್ನೂ ಕೊಡಬೇಕು. ಒಬ್ಬರಿಂದ ಒಬ್ಬರಿಗೆ ಕಳಿಸುವಾಗ, ಏಜೆಂಟನ ಹತ್ತಿರ ನಗದು ತೆಗೆಯುವಾಗ ಶುಲ್ಕವಿದೆ. ಯುಪಿಐ ಅಭ್ಯಾಸದಲ್ಲಿ ಇನ್ನೂರು, ಮುನ್ನೂರು ಎಂದು ಕಂತು ಕಂತಾಗಿ ಕಳಿಸಿದರೆ ನಿಮಗೇ ನಷ್ಟ. ‘ತಪ್ಪಿ ನಿಮಗೆ ದುಡ್ಡು ಹಾಕಿದ್ದೇನೆ, ವಾಪಸ್ ಕಳಿಸಿ’ ಎಂಬ ಕರೆ ಒಂದಲ್ಲ ಒಂದು ದಿನ ಬರುತ್ತದೆ. ಅದರ ಜೊತೆ ಬರುವ ಮೆಸೇಜ್ ಸುಳ್ಳಿರಬಹುದು, ಅದನ್ನು ನಂಬದೆ ಬ್ಯಾಲೆನ್ಸ್ ನೋಡಿ.

ಮನೆಯ ಕರೆಂಟಿಗೂ ಇದೇ ದಾರಿ. ಮೀಟರ್ ನಂಬರಿಗೆ ದುಡ್ಡು ಕಟ್ಟಿದರೆ 20 ಅಂಕಿಯ ಟೋಕನ್ ಬರುತ್ತದೆ, ಅದನ್ನು ಮೀಟರಿನ ಗುಂಡಿ ಒತ್ತಿ ತುಂಬಿಸಬೇಕು. ಕತ್ತಲಲ್ಲಿ ಒಂದು ಕೈಲಿ ಟಾರ್ಚ್ ಹಿಡಿದು 20 ಅಂಕಿ ಒತ್ತುವಾಗ ಹದಿನೆಂಟನೆಯದು ತಪ್ಪುವುದು ಗ್ಯಾರಂಟಿ. ಯೂನಿಟ್ ಖಾಲಿಯಾಗುವ ಮುಂಚೆ, ಹಗಲಲ್ಲೇ ತುಂಬಿಸಿ.

ಗಡಿಯಾರ ಓದುವ ಬಗೆ

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಪ್ಲಂಬರ್ ಫೋನಿನಲ್ಲಿ ‘ಸಾ ತಾತು’ ಅಂದ. ಮೋಜಾ, ಮ್ಬಿಲಿ, ತಾತು ಎಂದು ಮೂರರ ತನಕ ಎಣಿಸಲು ಕಲಿತಿದ್ದ ನಾನು ಮಧ್ಯಾಹ್ನ ಮೂರಕ್ಕೆ ಆಫೀಸಿನಿಂದ ಓಡಿಬಂದೆ. ಗೇಟಿನ ಅಸ್ಕಾರಿ, ಅಂದರೆ ವಾಚ್‌ಮನ್, ಬಾಯ್ತುಂಬ ನಕ್ಕ. ಪ್ಲಂಬರ್ ಬೆಳಿಗ್ಗೆ ಒಂಬತ್ತಕ್ಕೆ ಬಂದು, ಬಾಗಿಲು ಬಡಿದು ಹೋಗಿದ್ದ.

ಇಲ್ಲಿನ ಭಾಷೆ ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಗಾದ ಮೇಲಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಒಂಬತ್ತು ಅವರಿಗೆ ಮೂರು. ನಮ್ಮೂರ ಅಜ್ಜಂದಿರು ‘ಹೊತ್ತು ಹುಟ್ಟಿ ಮೂರು ತಾಸಾಯ್ತು’ ಎನ್ನುತ್ತಿರಲಿಲ್ಲವೇ, ಹಾಗೇ. ಉಪಾಯ ಸುಲಭ: ಚಿಕ್ಕ ಮುಳ್ಳು ತೋರಿಸುವ ಅಂಕಿಯ ನೇರ ಎದುರಿಗಿರುವುದನ್ನು ಓದಿ. ಇಂಗ್ಲಿಷಿನಲ್ಲಿ ಮಾತಾಡುವಾಗ ಇದೇ ಜನ ನಮ್ಮ ಹಾಗೇ ಗಂಟೆ ಹೇಳುತ್ತಾರೆ. ಹಾಗಾಗಿ ಯಾವ ಭಾಷೆಯ ಮೂರು ಎಂದು ಕೇಳಿಬಿಡಿ.

ಮಟಾಟು

ಸಿಟಿ ಬಸ್ಸಿನ ಕೆಲಸ ಮಾಡುವ ಖಾಸಗಿ ವ್ಯಾನು, ಮಿನಿಬಸ್ಸುಗಳು ಇವು. ಟಿಕೆಟ್ ದರ ಕಲ್ಲಿನ ಮೇಲೆ ಬರೆದದ್ದಲ್ಲ; ಮಳೆ ಬಂದರೆ ಏರುತ್ತದೆ, ಸಂಜೆ ಆಫೀಸು ಬಿಟ್ಟಾಗಲೂ ಏರುತ್ತದೆ. ಹತ್ತುವ ಮುಂಚೆಯೇ ‘ಪೆಸಾ ನ್ಗಾಪಿ?’ (ಎಷ್ಟು ದುಡ್ಡು?) ಎಂದು ಕೇಳಿ, ಕೂತ ಮೇಲೆ ಫೋನನ್ನು ಕಿಟಕಿಯಿಂದ ದೂರ ಇಡಿ. ಬೋಡಾಬೋಡಾ ಎಂಬ ಬೈಕ್ ಟ್ಯಾಕ್ಸಿ ಹತ್ತಿದರೆ ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ.

ಇನ್ನು ರಾಗಿ

ಪಾರ್ಕ್‌ಲ್ಯಾಂಡ್ಸ್ ಕಡೆಯ ಭಾರತೀಯ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ, ಬೆಲೆ ಮಾತ್ರ ಜಾಸ್ತಿ. ನಿಮ್ಮ ಬೀದಿ ಮೂಲೆಯ ತರಕಾರಿಯಮ್ಮನ ಹತ್ತಿರ ಹೋಗಿ. ಆಕೆಯನ್ನು ಇಲ್ಲಿ ಮಾಮಾ ಮ್ಬೋಗಾ ಎನ್ನುತ್ತಾರೆ. ಮೊದಲು ‘ಹಬಾರಿ?’ ಎಂದು ಯೋಗಕ್ಷೇಮ ಕೇಳಿ, ವ್ಯಾಪಾರ ಆಮೇಲೆ. ನೇರ ಬೆಲೆಗೆ ಹೋದರೆ ಒರಟರೆನಿಸುತ್ತೀರಿ. ಕೊತ್ತಂಬರಿ ‘ದನಿಯಾ’, ಬೆಂಡೆ ‘ಬಾಮಿಯಾ’, ಹುಣಸೆ ‘ಉಕ್ವಾಜು’. ಒಣಕಾಳು ಮಾರುವವರಲ್ಲಿ ಹೆಸರುಕಾಳು ‘ನ್ಡೆಂಗು’, ತೊಗರಿ ‘ಮ್ಬಾಜಿ’.

ರಾಗಿ ‘ವಿಂಬಿ’. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಂದ ನಮ್ಮ ಕಡೆ ಬಂತು. ನಾವು ಅದನ್ನು ವಿಮಾನದಲ್ಲಿ ವಾಪಸ್ ತರುವುದು ತಮಾಷೆಯೇ. ಆದರೆ ಅಂಗಡಿಯ ಪ್ಯಾಕೆಟ್ ಹಿಟ್ಟಿನಲ್ಲಿ ಗಂಜಿಗೆಂದು ಜೋಳ, ಮರಗೆಣಸು ಬೆರೆಸಿರುವುದುಂಟು, ಅದರಲ್ಲಿ ಮುದ್ದೆ ಕಟ್ಟಲು ಹೋದರೆ ಕೈಗೆ ಮೆತ್ತಿಕೊಳ್ಳುತ್ತದೆ. ‘ವಿಂಬಿ ಪೆಕೇ’ (ರಾಗಿ ಮಾತ್ರ) ಎಂದು ಕೇಳಿ ಕಾಳನ್ನೇ ಕೊಳ್ಳಿ. ಕಲ್ಲು ತೆಗೆದು, ತೊಳೆದು ಒಣಗಿಸಿ, ಪೋಶೋ ಮಿಲ್ ಎಂಬ ಹಿಟ್ಟಿನ ಗಿರಣಿಗೆ ಕೊಡಿ. ಮೆಕ್ಕೆಜೋಳ ಬೀಸಿದ ಬೆನ್ನಿಗೇ ಹಾಕಿಸಬೇಡಿ, ಮೊದಲ ಹಿಡಿ ಹಿಟ್ಟು ಬೆಳ್ಳಗೆ ಬರುತ್ತದೆ.

ಮುದ್ದೆ ಕೋಲೂ ಬೇಡ. ಉಗಾಲಿ, ಅಂದರೆ ಇಲ್ಲಿನ ಮೆಕ್ಕೆಜೋಳದ ಮುದ್ದೆ, ತಿರುವಲು ಇವರು ಬಳಸುವ ಚಪ್ಪಟೆ ಮರದ ಸೌಟಿಗೆ ‘ಮ್ವಿಕೋ’ ಎನ್ನುತ್ತಾರೆ, ಸಂತೆಯಲ್ಲಿ ಸಿಗುತ್ತದೆ. ಹಿಡಿ ದಪ್ಪ ಇರುವುದನ್ನೇ ಆರಿಸಿ. ನನ್ನ ಮೊದಲನೆಯದು ಎರಡನೇ ಮುದ್ದೆಗೇ ಮುರಿಯಿತು.