ಸ್ಲೆಡ್ ಇಲ್ಲದ ಊರಲ್ಲಿ ಹೈರಾಕ್ಸ್ ತಯಾರಿ: ನನ್ನ ಅನುಭವ

ಹೈರಾಕ್ಸ್ ಮಾಡ್ದೆ ಅಂದ ತಕ್ಷಣ ಎಲ್ರೂ ಕೇಳೋದು ಸ್ಕ್ವಾಟ್ ಎಷ್ಟು ಹೊಡೀತೀಯ, ಡೆಡ್‌ಲಿಫ್ಟ್ ಎಷ್ಟು ಅಂತ, ಓಟದ ಬಗ್ಗೆ ಒಬ್ರೂ ಕೇಳಲ್ಲ. ಆದ್ರೆ ಅದು ಓಟದ ರೇಸು ಕಣ್ರೀ. 1 ಕಿಲೋಮೀಟರ್ ಓಡಿ ಒಂದು ಸ್ಟೇಷನ್ (ಅಂದ್ರೆ ಒಂದು ಕಸರತ್ತು) ಮುಗಿಸ್ಬೇಕು, ಮತ್ತೆ 1 ಕಿಲೋಮೀಟರ್, ಮತ್ತೊಂದು ಸ್ಟೇಷನ್, ಹೀಗೆ ಎಂಟು ಸಲ. ಸ್ಟೇಷನ್‌ಗಳ ಕ್ರಮ ಯಾವ ದೇಶಕ್ಕೆ ಹೋದ್ರೂ ಬದಲಾಗಲ್ಲ: 1000 ಮೀಟರ್ ಸ್ಕೀ ಅರ್ಗ್ (ನಿಂತ್ಕೊಂಡು ಎರಡೂ ಕೈಯಲ್ಲಿ ಹಗ್ಗ ಕೆಳಗೆಳೆಯೋ ಮಷಿನ್), 50 ಮೀಟರ್ ಸ್ಲೆಡ್ (ತೂಕ ಹೇರಿದ, ನೆಲದ ಮೇಲೆ ಜಾರೋ ಕಬ್ಬಿಣದ ಬಂಡಿ) ತಳ್ಳೋದು, 50 ಮೀಟರ್ ಸ್ಲೆಡ್ ಎಳೆಯೋದು, 80 ಮೀಟರ್ ಬರ್ಪೀ ಬ್ರಾಡ್ ಜಂಪ್ (ನೆಲಕ್ಕೆ ಎದೆ ತಾಗಿಸಿ ಎದ್ದು ಮುಂದಕ್ಕೆ ಹಾರೋದು), 1000 ಮೀಟರ್ ರೋಯಿಂಗ್ (ದೋಣಿ ಹುಟ್ಟು ಹಾಕೋ ಥರದ ಮಷಿನ್), 200 ಮೀಟರ್ ಫಾರ್ಮರ್ಸ್ ಕ್ಯಾರಿ (ಎರಡೂ ಕೈಯಲ್ಲಿ ಭಾರ ಹಿಡ್ಕೊಂಡು ನಡೆಯೋದು), 100 ಮೀಟರ್ ಸ್ಯಾಂಡ್‌ಬ್ಯಾಗ್ ಲಂಜಸ್ (ಮರಳಿನ ಚೀಲ ಹೊತ್ತು ಮಂಡಿ ನೆಲಕ್ಕೆ ತಾಗಿಸ್ತಾ ಹೆಜ್ಜೆ ಹಾಕೋದು), ಕೊನೆಗೆ 100 ವಾಲ್ ಬಾಲ್ (ಕೂತೆದ್ದು ಭಾರದ ಚೆಂಡನ್ನ ಎತ್ತರದ ಗುರಿಗೆ ಎಸೆಯೋದು). 2017ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಶುರು ಮಾಡಿದ್ದು ಇದನ್ನ, ಶುರು ಮಾಡಿದವರಲ್ಲಿ ಒಬ್ರು ಮೊರಿಟ್ಸ್ ಫುರ್ಸ್ಟೆ, ಹಾಕಿ ನೋಡೋರಿಗೆ ಗೊತ್ತಿರುತ್ತೆ, 2008 ಮತ್ತೆ 2012ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜರ್ಮನಿ ಟೀಮಲ್ಲಿದ್ದವರು, ನಮ್ಮ ಹಾಕಿ ಇಂಡಿಯಾ ಲೀಗಲ್ಲಿ ರಾಂಚಿ ಪರ ಆಡಿದವರು. ನಮ್ಮ ದೇಶಕ್ಕೆ ಇದು ಬಂದಿದ್ದು 2025ರಲ್ಲಿ, ಮೊದಲು ಮುಂಬೈಗೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಕಿಲೋಮೀಟರ್‌ಗೆ 6 ನಿಮಿಷ ಅಂತ ಹಿಡಿದ್ರೂ ಬರೀ ಓಟಕ್ಕೇ 48 ನಿಮಿಷ. ನನ್ನಂಥ ಆಫೀಸಿಗೆ ಹೋಗೋ ಮನುಷ್ಯ ಒಂದೂವರೆ ಗಂಟೇಲಿ ಮುಗಿಸ್ತಾನೆ ಅಂದ್ರೆ ಅರ್ಧಕ್ಕಿಂತ ಜಾಸ್ತಿ ಟೈಮ್ ಓಟದಲ್ಲೇ ಹೋಯ್ತು. ವಾಲ್ ಬಾಲಲ್ಲಿ ಸತ್ತು ಸುಣ್ಣ ಆಗಿ ಉಳಿಸೋ 20 ಸೆಕೆಂಡನ್ನ ಪ್ರತಿ ಕಿಲೋಮೀಟರ್‌ನಲ್ಲೂ ಉಳಿಸ್ಬೋದು. ಅದಕ್ಕೇ ನನ್ನ ವಾರಾನ ನಾನು ಓಟದ ಸುತ್ತ ಕಟ್ಕೊಂಡೆ, ಜಿಮ್ಮು ಎರಡು ದಿನ ಮಾತ್ರ.

ಮೈಸೂರಲ್ಲಿ ಓಡೋಕೆ ಜಾಗಕ್ಕೆ ಬರ ಇಲ್ಲ, ಅದು ನಮ್ಮ ಪುಣ್ಯ. ನಿಧಾನದ ಓಟ ಎಲ್ಲ ಕುಕ್ಕರಹಳ್ಳಿ ಕೆರೆ ಏರಿ ಮೇಲೆ, ಪಕ್ಕದಲ್ಲಿ ಓಡೋರ ಜೊತೆ ಮಾತಾಡ್ಕೊಂಡು ಹೋಗೋಷ್ಟು ಸಲೀಸಾಗಿ, ಮಾತು ತುಂಡಾಗೋಕೆ ಶುರುವಾದ್ರೆ ಸ್ಪೀಡ್ ಇಳಿಸ್ತಿದ್ದೆ. ವಾರಕ್ಕೊಂದು ಸಲ ಓವಲ್ ಗ್ರೌಂಡ್ಸಲ್ಲಿ 1 ಕಿಲೋಮೀಟರ್‌ನ ರಿಪೀಟ್ಸು (ಅಷ್ಟೇ ದೂರ ಮತ್ತೆ ಮತ್ತೆ ಜೋರಾಗಿ ಓಡೋದು), ನಡುವೆ ಎರಡು ನಿಮಿಷ ನಡಿಗೆ, ಕೊನೇದು ಮೊದಲನೇದರಷ್ಟೇ ಟೈಮಲ್ಲಿ ಮುಗೀಬೇಕು, ಅದೊಂದೇ ನಿಯಮ. ಚಾಮುಂಡಿ ಬೆಟ್ಟದ ಮೆಟ್ಟಿಲು ತಿಂಗಳಿಗೊಂದೆರಡು ಸಲ. ಸಾವಿರದ ಮೇಲಿದಾವೆ, ಲಂಜಸ್‌ಗೆ ಅದಕ್ಕಿಂತ ಒಳ್ಳೆ ತಯಾರಿ ನಾನು ಕಂಡಿಲ್ಲ. ಇಳಿಯೋವಾಗ ಮಾತ್ರ ಮಂಡಿ ಜೋಪಾನ.

ಇನ್ನು ಅಸಲಿ ವಿಷಯ. ಫ್ರೆಶ್ ಕಾಲಲ್ಲಿ ಓಡೋದೇ ಬೇರೆ, ಸ್ಲೆಡ್ ತಳ್ಳಿ ಬಂದು ಓಡೋದೇ ಬೇರೆ. ತೊಡೆ ಕಲ್ಲಾಗಿರುತ್ತೆ, ಹೆಜ್ಜೆ ಎತ್ತಿದ್ರೆ ಕಾಲು ನಮ್ದಲ್ಲ ಅನ್ಸುತ್ತೆ, ಉಸಿರು ಮೇಲೆ ಕೆಳಗೆ, ಆಗ ಉದ್ದ ಉದ್ದ ಹೆಜ್ಜೆ ಹಾಕೋಕೆ ಹೋದ್ರೆ ಕೆಲಸ ಕೆಡ್ತು. ಮೊದಲ 200 ಮೀಟರ್ ಸಣ್ಣ ಸಣ್ಣ ಚುರುಕು ಹೆಜ್ಜೆ, ಭುಜ ಸಡಿಲ, ಬಾಯಿಂದ ಪೂರ್ತಿ ಉಸಿರು ಹೊರಗೆ ಬಿಡೋದು, ಅಷ್ಟು ಮಾಡಿದ್ರೆ ಕಾಲು ತಾನಾಗೇ ದಾರಿಗೆ ಬರುತ್ತೆ. ಇದನ್ನ ಓದಿ ಕಲಿಯೋಕಾಗಲ್ಲ, ಮೈಗೆ ಅಭ್ಯಾಸ ಆಗ್ಬೇಕು. ಹಾಗಾಗಿ ಪ್ರತಿ ಭಾನುವಾರ ಮಿಕ್ಸ್ ಸೆಷನ್ನು: 1 ಕಿಲೋಮೀಟರ್ ಓಟ, ಬಂದು ಟೈರ್ ಎಳೆಯೋದು, ಮತ್ತೆ 1 ಕಿಲೋಮೀಟರ್, ಬರ್ಪೀ, ಮತ್ತೆ ಓಟ, ಲಂಜಸ್, ಮತ್ತೆ ಓಟ. ಎಂಟೂ ಮಾಡೋ ಅಗತ್ಯ ಇಲ್ಲ, ನಾಲ್ಕು ಸುತ್ತು ಸಾಕು.

ಟೈರ್ ಯಾಕೆ ಅಂದ್ರೆ ನಾನು ಹೋಗೋ ಜಿಮ್ಮಲ್ಲಿ ಸ್ಲೆಡ್ ಇಲ್ಲ. ಗಂಡಸರ ಓಪನ್ ವಿಭಾಗದಲ್ಲಿ ತಳ್ಳೋ ಸ್ಲೆಡ್ಡು ಅದರ ತೂಕ ಸೇರಿ 152 ಕೆಜಿ, ಎಳೆಯೋದು 103 ಕೆಜಿ. ಹೆಂಗಸರಿಗೆ 102 ಮತ್ತೆ 78. ಪಂಚರ್ ಅಂಗಡಿಯವರ ಹತ್ರ ಹಳೇ ಲಾರಿ ಟೈರ್ ತಗೊಂಡೆ, ಒಳಗಡೆ ಮರಳಿನ ಚೀಲ ತುಂಬಿ ದಪ್ಪ ಹಗ್ಗ ಕಟ್ದೆ, ಬಡಾವಣೆಯ ಖಾಲಿ ಸೈಟಲ್ಲಿ ಎಳೆಯೋಕೆ ಶುರು. ಸೊಂಟಕ್ಕೆ ಹಗ್ಗ ಕಟ್ಕೊಂಡು ಮುಂದಕ್ಕೆ ಬಾಗಿ ಎಳೆದ್ರೆ ತಳ್ಳೋ ಕೆಲಸದ ಕಾಲಿನ ಕಸುವು ಬರುತ್ತೆ, ಆಮೇಲೆ ನಿಂತಲ್ಲೇ ನಿಂತು ಹಗ್ಗ ಕೈಗೆ ಕೈ ಎಳ್ಕೊಂಡ್ರೆ ಇನ್ನೊಂದು ಸ್ಟೇಷನ್ನೂ ಆಯ್ತು. ಬರೀ ತೋಳಲ್ಲಿ ಎಳೆದ್ರೆ ಹತ್ತು ಮೀಟರ್‌ಗೇ ಮುಂಗೈ ಹಿಡ್ಕೊಳುತ್ತೆ, ಕುಂಡಿ ಹಿಂದಕ್ಕೆ ಕೂರಿಸಿ ಮೈಭಾರದಲ್ಲೇ ಎಳೀಬೇಕು, ಬಾವಿಯಿಂದ ತುಂಬಿದ ಕೊಡ ಸೇದೋವಾಗ ನಮ್ಮಜ್ಜಿ ಹಿಂದಕ್ಕೆ ವಾಲ್ತಿದ್ರಲ್ಲ, ಹಾಗೇ.

ಗಂಡಸರ ಓಪನ್‌ನಲ್ಲಿ ಫಾರ್ಮರ್ಸ್ ಕ್ಯಾರಿಗೆ ಒಂದೊಂದು ಕೈಗೂ 24 ಕೆಜಿ. ದೊಡ್ಡ ಪ್ಲಾಸ್ಟಿಕ್ ಕ್ಯಾನಲ್ಲಿ ನೀರು ತುಂಬಿ ತೂಕದ ಮಿಷನ್ ಮೇಲಿಟ್ಟು ಸರಿ ಮಾಡ್ಕೊಂಡ್ರೆ ಮುಗೀತು, ನೀರು ಒಳಗೆ ಅಲುಗಾಡೋದ್ರಿಂದ ಕೆಟಲ್‌ಬೆಲ್‌ಗಿಂತ ಕಷ್ಟ, ರೇಸ್ ದಿನ ಹಗುರ ಅನ್ಸುತ್ತೆ. ಸ್ಯಾಂಡ್‌ಬ್ಯಾಗ್ 20 ಕೆಜಿ, ಗಟ್ಟಿ ಗೋಣಿಚೀಲಕ್ಕೆ ಮರಳು ತುಂಬಿ ಬಾಯಿ ಹೊಲಿದು ಹೆಗಲ ಮೇಲೆ ಅಡ್ಡ ಇಟ್ಕೊಳ್ಳಿ. ಹಿಂದಿನ ಕಾಲಿನ ಮಂಡಿ ಪ್ರತಿ ಸಲ ನೆಲ ಮುಟ್ಲೇಬೇಕು, ಇಲ್ಲಾಂದ್ರೆ ಆ ಲಂಜ್ ಲೆಕ್ಕಕ್ಕಿಲ್ಲ, ಅದಕ್ಕೆ ಅಭ್ಯಾಸದಲ್ಲೂ ಮುಟ್ಟಿಸಿಯೇ ಮಾಡಿ.

ನಮ್ಮ ಬೀದೀಲಿ ಒಬ್ರು ಹಳೇ ಪೈಲ್ವಾನ್ ಇದಾರೆ, ಗರಡಿಯಲ್ಲಿ ಬೆಳೆದವರು. ನಾನು ಸೈಟಲ್ಲಿ ಒದ್ದಾಡೋದನ್ನ ನೋಡಿ ದಂಡ, ಬಸ್ಕಿ ಹೇಳ್ಕೊಟ್ರು. ಬಸ್ಕಿ ಒಂದೇ ಲಯದಲ್ಲಿ, ನಿಲ್ಲಿಸ್ದೆ, ಉಸಿರಿನ ಜೊತೆ. ವಾಲ್ ಬಾಲ್‌ಗೆ ನನಗೆ ಸಿಕ್ಕ ನಿಜವಾದ ತಯಾರಿ ಅದು. ಅಲ್ಲಿ 6 ಕೆಜಿ ಚೆಂಡನ್ನ ಎದೆಗೆ ಹಿಡಿದು ತೊಡೆಸಂದು ಮಂಡಿಗಿಂತ ಕೆಳಗೆ ಹೋಗೋವರೆಗೂ ಕೂತು, ಎದ್ದ ರಭಸಕ್ಕೇ 3 ಮೀಟರ್ ಎತ್ತರದ ಗುರಿಗೆ ಎಸೀಬೇಕು, ಅದೂ ಏಳು ಸ್ಟೇಷನ್ನು, ಎಂಟು ಕಿಲೋಮೀಟರ್ ಓಟದ ಸುಸ್ತು ಮೈಮೇಲಿರೋವಾಗ. ಪೂರ್ತಿ ಕೂರದಿದ್ರೆ ಪಕ್ಕದಲ್ಲಿ ನಿಂತ ಜಡ್ಜ್ "ನೋ ರೆಪ್" ಅಂತಾರೆ, ಅಂದ್ರೆ ಆ ಎಸೆತ ಲೆಕ್ಕಕ್ಕಿಲ್ಲ. 

ಊಟದಲ್ಲಿ ವಿಶೇಷ ಏನಿಲ್ಲ. ಮುದ್ದೆ, ಸೊಪ್ಪಿನ ಸಾರು, ಮೊಳಕೆ ಕಾಳು, ಮೊಟ್ಟೆ, ಉದ್ದದ ಓಟಕ್ಕೆ ಮುಂಚೆ ಎರಡು ಏಲಕ್ಕಿ ಬಾಳೆ. ನಿದ್ದೆ ಕಮ್ಮಿ ಆದ ವಾರ ಭಾನುವಾರದ ಸೆಷನ್ ಅರ್ಧಕ್ಕೆ ಇಳಿಸ್ತಿದ್ದೆ.

ಮುಂಬೈಯಲ್ಲಿ ರೇಸು ದೊಡ್ಡ ಹಾಲ್ ಒಳಗೆ, ಜೋರು ಮ್ಯೂಸಿಕ್ಕು, ಕಿರುಚಾಟ, ಮೊದಲ ಕಿಲೋಮೀಟರಲ್ಲೇ ಎಲ್ರೂ ನುಗ್ತಾರೆ. ನಾನು ಓವಲ್ ಗ್ರೌಂಡ್ಸಿನ ರಿಪೀಟ್ಸ್‌ಗಿಂತ ಅರ್ಧ ನಿಮಿಷ ನಿಧಾನಕ್ಕೆ ಹೊರಟೆ, ಬರ್ಪೀ ಮುಗಿಸೋ ಹೊತ್ತಿಗೆ ಮುಂದೆ ಹೋದವರು ಒಬ್ಬೊಬ್ರೇ ನಡ್ಕೊಂಡು ಹೋಗ್ತಾ ಸಿಕ್ಕಿದ್ರು, ನಾನಿನ್ನೂ ಓಡ್ತಿದ್ದೆ, ಆ ಖುಷಿ ಹೇಳೋಕಾಗಲ್ಲ. ಓಟದ ಟ್ರ್ಯಾಕಿಂದ ಸ್ಟೇಷನ್‌ಗೆ ಹೋಗಿಬರೋ ಜಾಗಕ್ಕೆ ರಾಕ್ಸ್‌ಝೋನ್ ಅಂತಾರೆ, ಅಲ್ಲಿ ಕಳೆಯೋ ಟೈಮೂ ಒಟ್ಟು ಟೈಮಿಗೇ ಸೇರುತ್ತೆ, ಸುಧಾರಿಸ್ಕೊಳ್ತಾ ನಿಲ್ಲೋದಕ್ಕಿಂತ ನಿಧಾನವಾಗಿ ಓಡ್ತಾ ಇರಿ. ವಾಲ್ ಬಾಲನ್ನ ಹದಿನೈದು ಹದಿನೈದಾಗಿ ಒಡೆದು, ನಡುವೆ ಮೂರು ಉಸಿರು ಮಾತ್ರ ತಗೊಂಡು ಮುಗಿಸ್ದೆ.

ಮೊದಲ ಸಲ ಹೋಗೋರಿಗೆ ಡಬಲ್ಸ್ ಇದೆ, ಓಟ ಇಬ್ರೂ ಜೊತೇಲಿ ಓಡ್ಬೇಕು, ಸ್ಟೇಷನ್ ಕೆಲಸ ಹಂಚ್ಕೋಬೋದು. ಜೋಡಿ ಹುಡುಕೋವಾಗ ನಿಮಗಿಂತ ಜಾಸ್ತಿ ತೂಕ ಎತ್ತೋರನ್ನ ಹುಡುಕ್ಬೇಡಿ, ನಿಮ್ಮ ಪೇಸಲ್ಲಿ ಓಡೋರನ್ನ ಹುಡುಕಿ.