ಬೆರಿಂಬಾವ್ ಕಟ್ಟೋದು ಕಲಿತ ಮೇಲೆ ಕಪೊಯೆರಾ

ಬೆರಿಂಬಾವ್‌ಗೆ ಬೇಕಾದ ತಂತಿಯನ್ನು ಇಲ್ಲಿ ಹಳೇ ಕಾರಿನ ಟೈರಿನಿಂದ ತೆಗೆಯುತ್ತಾರೆ. ಬೆರಿಂಬಾವ್ ಅಂದರೆ ಬಿಲ್ಲಿನಾಕಾರದ ಒಂಟಿ ತಂತಿಯ ವಾದ್ಯ. ಟೈರಿನ ಒಳ ಅಂಚನ್ನು ಚಾಕುವಿನಿಂದ ಸೀಳಿದರೆ ಉಕ್ಕಿನ ತಂತಿ ಸುತ್ತುಸುತ್ತಾಗಿ ಸಿಗುತ್ತದೆ. ಅಂಟಿಕೊಂಡ ರಬ್ಬರನ್ನು ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ಬರಿಸಬೇಕು. ಕೆಲಸದ ಮೇಲೆ ಬ್ರೆಜಿಲ್‌ನ ಸಾಲ್ವಡೋರ್‌ಗೆ ಬಂದ ನಾನು ಕಪೊಯೆರಾ ಎಂಬ, ಹೋರಾಟ ಕುಣಿತ ಎರಡೂ ಬೆರೆತ ಇಲ್ಲಿನ ಆಟ ಕಲಿಯಲು ಸೇರಿಕೊಂಡಾಗ ಒದೆಯೋದು, ಬಗ್ಗೋದು ಎಲ್ಲ ಹೇಳಿಕೊಟ್ಟರು. ಆದರೆ ಈ ಆಟ ನನಗೆ ಅರ್ಥವಾಗತೊಡಗಿದ್ದು ಈ ಬಿಲ್ಲು ಕಟ್ಟಲು ಕೂತ ಮೇಲೆ.

ಕೋಲು ಬಿರಿಬಾ ಮರದ್ದು, ಸುಮಾರು ಐದಡಿ. ಮೇಲ್ತುದಿಗೆ ಒಂದು ತುಂಡು ಚರ್ಮ ಹೊಡೆದಿರುತ್ತಾರೆ. ಅದಿಲ್ಲದಿದ್ದರೆ ತಂತಿ ಮರವನ್ನೇ ಸೀಳಿಬಿಡುತ್ತದೆ. ಕೆಳತುದಿಯನ್ನು ಸಣ್ಣ ಗೂಟದ ಹಾಗೆ ಕೆತ್ತಿರುತ್ತಾರೆ, ತಂತಿಯ ಕುಣಿಕೆ ಅಲ್ಲಿ ಕೂರುತ್ತದೆ. ಇನ್ನು ಬಗ್ಗಿಸುವ ಕೆಲಸ. ಕೆಳತುದಿಯನ್ನು ನೆಲಕ್ಕೆ ಊರಿ, ಕೋಲಿನ ನಡುವಿಗೆ ಮೊಣಕಾಲು ಕೊಟ್ಟು, ಮೇಲ್ತುದಿಯನ್ನು ತನ್ನ ಕಡೆ ಎಳೆದು, ಅದೇ ಹೊತ್ತಿಗೆ ತಂತಿಯನ್ನು ಚರ್ಮದ ಮೇಲಿಂದ ಇಳಿಸಿ ದಾರ ಸುತ್ತಿ ಬಿಗಿಯಬೇಕು. ಇದಕ್ಕೆ ಮೂರು ಕೈ ಬೇಕು ಅನ್ನಿಸುತ್ತದೆ. ಕೊನೆಗೆ ಕೆಳಗಿನಿಂದ ಒಂದು ಗೇಣು ಮೇಲೆ ಸೋರೆಯಂಥ ಕಾಯಿಯ ಒಣಗಿದ ಬುರುಡೆ ಕಟ್ಟುವುದು.

ಹಿಡಿಯುವುದು ಇನ್ನೂ ಕಷ್ಟ. ಬುರುಡೆಯ ದಾರದ ಕೆಳಗೆ ಎಡಗೈ ಕಿರುಬೆರಳು. ಇಡೀ ವಾದ್ಯದ ಭಾರ ಅದರ ಮೇಲೇ. ಅದೇ ಕೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ನುಣುಪು ಕಲ್ಲು. ಬಲಗೈಯಲ್ಲಿ ತೆಳ್ಳನೆಯ ಕಡ್ಡಿ, ಜೊತೆಗೆ ಬೀಜ ತುಂಬಿದ ಪುಟ್ಟ ಬುಟ್ಟಿ, ಕಶಿಶಿ. ಕಲ್ಲು ತಾಗಿಸದೆ ಹೊಡೆದರೆ ತಗ್ಗಿನ ಸ್ವರ, ಒತ್ತಿ ಹೊಡೆದರೆ ಏರಿದ ಸ್ವರ, ಸುಮ್ನೆ ಸೋಕಿಸಿದರೆ ‘ಚ್’ ಎಂಬ ಗರಗರ. ಬುರುಡೆಯ ಬಾಯಿಯನ್ನು ಹೊಟ್ಟೆಗೆ ಒತ್ತಿ, ಬಿಟ್ಟು ಮಾಡಿದರೆ ನಾದ ಮುಚ್ಚಿ ತೆರೆಯುತ್ತದೆ. ಚ್-ಚ್-ಡೋಂ-ಡಿಂ ಎಂದು ನುಡಿಸಿದರೆ ಅಂಗೋಲಾ ಎಂಬ ಬಡಿತ. ಕೊನೆಯ ಎರಡನ್ನು ತಿರುವಿ ಹಾಕಿದರೆ ಸಾವ್ ಬೆಂಟೋ ಪಿಕೇನೋ.

ಇಷ್ಟು ಕೈಗೆ ಬಂದ ಮೇಲೆ ಹೋಡಾ, ಅಂದರೆ ಆಟದ ವೃತ್ತ, ಬೇರೆಯೇ ಕಂಡಿತು. ನಾವು ಕಲಿಯುವ ಕಪೊಯೆರಾ ಪದ್ಧತಿಯ ಹೆಸರೂ ಅಂಗೋಲಾ, ಅದರಲ್ಲಿ ಮೂರು ಬೆರಿಂಬಾವ್ ಇರುತ್ತವೆ. ದೊಡ್ಡ ಬುರುಡೆಯ ಗುಂಗಾ, ನಡುವಿನ ಮೇಡಿಯೊ, ಚಿಕ್ಕ ಬುರುಡೆಯ ವಿಯೋಲಾ. ಗುಂಗಾ ಹಿಡಿದವರ ಮಾತೇ ಮಾತು. ಆಡುವ ಇಬ್ಬರು ಅದರ ಕಾಲಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಲಡಾಯಿನ್ಯಾ ಎಂಬ ಒಬ್ಬರೇ ಹಾಡುವ ಹಾಡು ಮುಗಿಯುವ ತನಕ ಕಾಯುತ್ತಾರೆ. ಆಮೇಲೆ ಎಲ್ಲರೂ ದನಿಗೂಡಿಸುತ್ತಾರೆ, ಆಗಲೇ ಆಟ ಶುರು. ಬಡಿತ ನಿಧಾನವಾದರೆ ಮೈ ನೆಲಕ್ಕೆ ಹತ್ತಿರ, ಜೋರಾದರೆ ಕಾಲು ಮೇಲೆ. ಆಟ ಜಗಳಕ್ಕೆ ತಿರುಗುತ್ತಿದೆ ಅನ್ನಿಸಿದರೆ ಗುಂಗಾ ಒಂದೇ ಸ್ವರವನ್ನು ಬಿಡದೆ ಹೊಡೆದು ಇಬ್ಬರನ್ನೂ ಬುಡಕ್ಕೆ ಕರೆಸಿಕೊಳ್ಳುತ್ತದೆ. ಎಷ್ಟೇ ಕೋಪ ಇದ್ದರೂ ಬರಲೇಬೇಕು.

ಬಡಿತಗಳಲ್ಲಿ ಕವಲಾರಿಯಾ ಅಂತ ಒಂದಿದೆ, ಕುದುರೆ ಗೊರಸಿನ ಸದ್ದಿನ ಹಾಗೆ. ಕುದುರೆ ಪೊಲೀಸರು ಬಂದರು, ಓಡಿ ಎಂಬ ಸೂಚನೆ ಅದು ಎನ್ನುತ್ತಾರೆ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಹೋಗಿದ್ದು 1888ರಲ್ಲಿ. ಎರಡೇ ವರ್ಷಕ್ಕೆ, 1890ರ ದಂಡಸಂಹಿತೆಯಲ್ಲಿ ಬೀದಿಯಲ್ಲಿ ಕಪೊಯೆರಾ ಆಡುವುದನ್ನೇ ಅಪರಾಧ ಮಾಡಿದರು. ಶಿಕ್ಷೆ ಎರಡರಿಂದ ಆರು ತಿಂಗಳು ಜೈಲು. 1920ರ ದಶಕದಲ್ಲಿ ಸಾಲ್ವಡೋರ್‌ನ ಪೊಲೀಸ್ ಅಧಿಕಾರಿ ಪೆಡ್ರೊ ಗೋರ್ಡಿಲ್ಯೊ ಕಪೊಯೆರಾದವರನ್ನೂ ಆಫ್ರಿಕಾ ಮೂಲದ ಕಂದೊಂಬ್ಲೆ ಪೂಜೆಯವರನ್ನೂ ಬೆನ್ನಟ್ಟಿದ್ದಕ್ಕೇ ಹೆಸರಾದವನು.

ಗುಲಾಮರು ಹೋರಾಟವನ್ನು ಕುಣಿತದ ವೇಷದಲ್ಲಿ ಯಜಮಾನರಿಂದ ಮುಚ್ಚಿಟ್ಟರು ಎಂಬ ಕತೆಯನ್ನು ಪ್ರವಾಸಿಗರಿಗೆ ತಪ್ಪದೆ ಹೇಳುತ್ತಾರೆ. ನನಗೆ ಅದು ಅಷ್ಟು ಸರಳ ಅನ್ನಿಸುವುದಿಲ್ಲ. ಹಳೇ ದಾಖಲೆಗಳಲ್ಲಿ ಕಪೊಯೆರಾ ಜಾಸ್ತಿ ಸಿಗುವುದು ರಿಯೊ ನಗರದ ಪೊಲೀಸ್ ಕಡತಗಳಲ್ಲಿ. ಕಬ್ಬಿನ ತೋಟಕ್ಕಿಂತ ಬೀದಿ, ಬಂದರು, ಹಮಾಲಿ ಕೆಲಸದವರ ನಡುವೆ.

ಕಪೊಯೆರಾವನ್ನು ಬೀದಿಯಿಂದ ಶಾಲೆಯೊಳಗೆ ತಂದವರಲ್ಲಿ ಇಬ್ಬರು ದೊಡ್ಡವರು. ಮೆಸ್ತ್ರಿ (ಅಂದರೆ ಗುರು) ಬಿಂಬಾ 1932ರಲ್ಲಿ ತಮ್ಮ ಶಾಲೆ ತೆರೆದು, ಕ್ರಮವಾದ ಪಾಠಗಳನ್ನು ಕಟ್ಟಿದರು, 1937ರಲ್ಲಿ ಸರ್ಕಾರದ ಮನ್ನಣೆಯೂ ಸಿಕ್ಕಿತು. ಅವರ ಮೇಳದಲ್ಲಿ ಒಂದೇ ಬೆರಿಂಬಾವ್, ಎರಡು ಪಂಡೇರು, ಅಂದರೆ ಖಂಜರಿಯಂಥ ವಾದ್ಯ. ಮೆಸ್ತ್ರಿ ಪಾಸ್ಟಿನ್ಯಾ 1941ರಲ್ಲಿ ಅಂಗೋಲಾ ಶಾಲೆ ಶುರು ಮಾಡಿದರು. ಶಿಷ್ಯರಿಗೆ ತಮ್ಮ ಇಷ್ಟದ ಇಪಿರಂಗಾ ಫುಟ್‌ಬಾಲ್ ತಂಡದ ಹಳದಿ-ಕಪ್ಪು ಬಟ್ಟೆ! ನಾವೂ ಅದನ್ನೇ ತೊಡುತ್ತೇವೆ. 1966ರಲ್ಲಿ ಸೆನೆಗಲ್‌ನ ಡಾಕಾರ್ ಉತ್ಸವಕ್ಕೂ ಹೋಗಿ ಬಂದ ಆ ಮನುಷ್ಯ ಕೊನೆಗೆ ಕಣ್ಣು ಕಳೆದುಕೊಂಡು, ಇದ್ದ ಜಾಗವೂ ಕೈತಪ್ಪಿ, 1981ರಲ್ಲಿ ಬಡತನದಲ್ಲೇ ತೀರಿಕೊಂಡರು. 2014ರಲ್ಲಿ ಯುನೆಸ್ಕೊ ಹೋಡಾವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅವರು ಇರಲಿಲ್ಲ.

ನನ್ನೂರು ಯಲ್ಲಾಪುರದ ಕಡೆ. ಆಫ್ರಿಕಾ ಮೂಲದ ಸಿದ್ದಿಗಳ ಡಮಾಮಿ ಕುಣಿತ ನೋಡುತ್ತಲೇ ಬೆಳೆದವನು. ಅವರ ಹಿರಿಯರಲ್ಲಿ ಎಷ್ಟೋ ಜನರನ್ನು ಗೋವಾಕ್ಕೆ ತಂದವರೂ, ಬ್ರೆಜಿಲ್‌ಗೆ ಆಫ್ರಿಕಾದ ಗುಲಾಮರನ್ನು ತಂದ ಇದೇ ಪೋರ್ಚುಗೀಸರು. ಗುಜರಾತಿನ ಸಿದ್ದಿಗಳ ಹತ್ತಿರ ಮಲುಂಗಾ ಅಂತ ಒಂದು ವಾದ್ಯ ಇದೆ. ಬಿಲ್ಲು, ತಂತಿ, ಬುರುಡೆ. ಇಲ್ಲಿನ ಗೆಳೆಯರಿಗೆ ಅದರ ವಿಡಿಯೊ ತೋರಿಸಿದರೆ, ಮೊದಲು ಎಲ್ಲರೂ ಕೇಳಿದ್ದು ಕಲ್ಲು ಯಾವ ಕೈಯಲ್ಲಿ ಹಿಡಿಯುತ್ತಾರೆ ಅಂತ.

ನೀವೂ ಒಂದು ಕಟ್ಟಿ ನೋಡುವುದಾದರೆ ತಂತಿ ಪಂಕ್ಚರ್ ಅಂಗಡಿಯ ಹಳೇ ಟೈರಿನಲ್ಲೇ ಸಿಗುತ್ತದೆ, ಒಣಗಿದ ಸೋರೆ ಬುರುಡೆ ನಡೆಯುತ್ತದೆ. ಕೋಲು ಬಗ್ಗಬೇಕು, ಆದರೆ ಬಗ್ಗಿದಷ್ಟೇ ಜೋರಾಗಿ ವಾಪಸ್ ಎಳೆಯಬೇಕು. ಮೆತ್ತಗಿದ್ದರೆ ನಾದ ಬರುವುದಿಲ್ಲ. ತಂತಿ ಬಿಗಿಯುವಾಗ ಮುಖ ಪಕ್ಕಕ್ಕೆ ಇಟ್ಟುಕೊಳ್ಳಿ, ಕಿತ್ತು ಬಂದರೆ ಕಣ್ಣಿಗೇ ಅಪಾಯ. ನುಡಿಸಿ ಆದ ಮೇಲೆ ತಂತಿ ಬಿಚ್ಚಿಡಿ, ಇಲ್ಲದಿದ್ದರೆ ಕೋಲು ಬಗ್ಗಿದ ಹಾಗೇ ಉಳಿದುಬಿಡುತ್ತದೆ.