ಬಿಸಿಯಾದರೆ ಮಾತ್ರ ಕಾಣುವ ಗೇರ್‌ಬಾಕ್ಸ್ ತೊಂದರೆ

ತುಮಕೂರಿನ ಕ್ಯಾತ್ಸಂದ್ರದ ಕಡೆ ನನ್ನ ಗ್ಯಾರೇಜ್. ಹಳೇ ಫೋರ್ ಬೈ ಫೋರ್ ಗಾಡಿಗಳೇ ಜಾಸ್ತಿ ಬರುತ್ತವೆ. ಆಟೋಮ್ಯಾಟಿಕ್ ಗಾಡಿ ಅಂದರೆ ಸಾಕು, ನನ್ನ ಹತ್ತಿರ ಬರೋ ಮೊದಲೇ ಯಾರೋ "ಬಾಕ್ಸ್ ಹೋಗಿದೆ" ಅಂದಿರುತ್ತಾರೆ. ಮಧುಗಿರಿ ಕಡೆಯ ತೋಟದ ಯಜಮಾನರೊಬ್ಬರು ತಂದ ಪೆಟ್ರೋಲ್ ಗಾಡಿಗೂ ಹಾಗೇ ಆಗಿತ್ತು. 4 ಗೇರಿನ ಹಳೇ ಆಟೋಮ್ಯಾಟಿಕ್. ಬೆಳಿಗ್ಗೆ ಚೆನ್ನಾಗಿ ಓಡುತ್ತದೆ. ಬಿಸಿಯಾದ ಮೇಲೆ ಮೂರನೇ ಗೇರಲ್ಲೇ ನಿಂತುಬಿಡುತ್ತದೆ, ಏರು ಎಳೆಯುವುದೇ ಇಲ್ಲ. ಆಫ್ ಮಾಡಿ ಒಂದಷ್ಟು ಹೊತ್ತು ಬಿಟ್ಟರೆ ಮತ್ತೆ ಸರಿ.

"ಪೂರ್ತಿ ಬಿಚ್ಚಿಸ್ಬೇಕು ಅಂದವ್ರೆ ಕಣಪ್ಪ, ನೀನೊಂದ್ಸಲ ನೋಡು" ಅಂದರು.

ತಣ್ಣಗಾದರೆ ಸರಿಹೋಗುತ್ತದೆ ಅನ್ನುವುದೇ ನನಗೆ ದೊಡ್ಡ ಸುಳಿವು. ಕ್ಲಚ್ ಪ್ಲೇಟ್ ಸವೆದಿದ್ದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇಲ್ಲಿ ಆ ಜಾರಾಟ ಇರಲಿಲ್ಲ. ಒಂದೇ ಗೇರಲ್ಲಿ ನಿಲ್ಲುವುದು ಬೇರೆ ವಿಷಯ. ವಿದ್ಯುತ್ ಕಡೆ ಏನೋ ತಪ್ಪಿದೆ ಅಂತ ಕಂಪ್ಯೂಟರಿಗೆ ಗೊತ್ತಾದಾಗ, ಬಾಕ್ಸ್ ಹಾಳಾಗದಿರಲಿ ಅಂತ ಅದೇ ಹಾಗೆ ನಿಲ್ಲಿಸುತ್ತದೆ.

ಏನೇ ಅನುಮಾನ ಇದ್ದರೂ ಗೇರ್‌ಬಾಕ್ಸ್ ಆಯಿಲ್ ಮೊದಲು. ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು, ಎಂಜಿನ್ ಓಡುತ್ತಿರಬೇಕು, ಆಯಿಲ್ ಬಿಸಿಯಾಗಿರಬೇಕು. ಬ್ರೇಕ್ ತುಳಿದು ಲಿವರನ್ನು ಎಲ್ಲಾ ಗೇರಿಗೂ ಒಮ್ಮೆ ಹಾಕಿ, ಪಾರ್ಕಿಗೆ ತಂದು ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಬೇಕು. ಅಳತೆ ಸರಿಯಿತ್ತು. ಬಣ್ಣ ಕಂದು, ಆದರೆ ಸುಟ್ಟ ವಾಸನೆ ಇಲ್ಲ. ಕೆರೆ ಕೋಡಿ ದಾಟುವ ಗಾಡಿಯಲ್ವಾ, ನೀರು ಸೇರಿ ಹಾಲಿನ ಥರ ಆಗಿದೆಯಾ ಅಂತಲೂ ನೋಡಿದೆ. ಇರಲಿಲ್ಲ.

ಸ್ಕ್ಯಾನರಲ್ಲಿ ಪಿ0700, ಪಿ0753 ಅನ್ನುವ ಎರಡು ತೊಂದರೆ ಕೋಡ್ ಬಂದವು. ಮೊದಲನೆಯದು ಗೇರ್‌ಬಾಕ್ಸ್ ಕಡೆಯಿಂದ ದೂರು ಇದೆ ಅಂತ ಮಾತ್ರ ಹೇಳುತ್ತದೆ. ಎರಡನೆಯದು ಶಿಫ್ಟ್ ಸೊಲೆನಾಯ್ಡ್ 'ಎ' ಸರ್ಕ್ಯೂಟಿನದು. ಸೊಲೆನಾಯ್ಡ್ ಅಂದರೆ ಗೇರ್ ಬದಲಿಸಲು ಬಾಕ್ಸ್ ಒಳಗೆ ಆಯಿಲ್ ದಾರಿ ತೆರೆದು ಮುಚ್ಚುವ, ವಿದ್ಯುತ್ತಿನಿಂದ ನಡೆಯುವ ವಾಲ್ವ್. ಇದನ್ನು ನೋಡಿದ ಕೂಡಲೇ ಸೊಲೆನಾಯ್ಡ್ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ಸರ್ಕ್ಯೂಟ್ ಅಂದರೆ ವೈರ್, ಕನೆಕ್ಟರ್, ಕಂಪ್ಯೂಟರ್ ಎಲ್ಲವೂ ಸೇರುತ್ತದೆ. ಕನೆಕ್ಟರ್ ಬಿಚ್ಚಿದೆ. ಪಿನ್‌ಗಳು ಒಣಗಿದ್ದವು, ತುಕ್ಕಿಲ್ಲ. ಗಾಡಿ ತಣ್ಣಗಾದ ಮೇಲೆ ಮೀಟರ್ ಹಿಡಿದರೆ 13 ಓಮ್. ಇಂಥ ಸೊಲೆನಾಯ್ಡಿಗೆ 11ರಿಂದ 15 ಇದ್ದರೆ ಸರಿ. ಅಂದರೆ ತಣ್ಣಗಿರುವಾಗ ತೊಂದರೆ ಕಾಣುವುದೇ ಇಲ್ಲ.

ಹಾಗಾಗಿ ದೇವರಾಯನದುರ್ಗದ ಬೆಟ್ಟ ಹತ್ತಿಸಿದೆ. ತಿರುವು, ಏರು, ನಿಧಾನದ ಓಟ. ಆಯಿಲ್ ಕಾಯಿಸುವುದಕ್ಕೆ ನಮ್ಮೂರಲ್ಲಿ ಅದಕ್ಕಿಂತ ಒಳ್ಳೆಯ ರಸ್ತೆ ಇಲ್ಲ. ಮೇಲೆ ಹೋಗುವಷ್ಟರಲ್ಲಿ ಮೂರನೇ ಗೇರಿಗೆ ಬಂದು ನಿಂತಿತು. ಪಕ್ಕಕ್ಕೆ ನಿಲ್ಲಿಸಿ, ಕೀ ತೆಗೆದು, ಗ್ಲೌಸ್ ಹಾಕಿಕೊಂಡು ಅದೇ ಪಿನ್‌ಗಳಿಗೆ ಮೀಟರ್ ಹಿಡಿದೆ. ಸರ್ಕ್ಯೂಟ್ ಪೂರ್ತಿ ಓಪನ್, ಅಂದರೆ ಎಲ್ಲೋ ಕಡಿದುಹೋದ ಹಾಗೆ! ಬಾಕ್ಸಿನ ಉಳಿದ ಸೊಲೆನಾಯ್ಡುಗಳು ಸರಿಯಾಗೇ ಓದುತ್ತಿದ್ದವು. ಮೂರನೇ ಗೇರಲ್ಲಿ ಇಳಿದರೆ ಎಂಜಿನ್ ಬ್ರೇಕ್ ಸರಿಯಾಗಿ ಸಿಗುವುದಿಲ್ಲ, ಅದಕ್ಕೇ ತಣ್ಣಗಾಗುವವರೆಗೂ ಕಾದು ಕೆಳಗಿಳಿದೆ.

ಈಗ ಬಾಕ್ಸಿನ ತಳದ ಆಯಿಲ್ ಪ್ಯಾನ್ ಬಿಚ್ಚಲು ಕಾರಣ ಸಿಕ್ಕಿತ್ತು. ಅದರೊಳಗಿನ ಮ್ಯಾಗ್ನೆಟ್ ಮೇಲೆ ನುಣ್ಣನೆಯ ಬೂದು ಪೇಸ್ಟ್, ಅಷ್ಟೇ. ಲೋಹದ ಚೂರಿಲ್ಲ, ಕ್ಲಚ್ಚಿನ ಕಪ್ಪು ಪುಡಿ ಇಲ್ಲ. ಇಷ್ಟು ನೋಡಿದ ಮೇಲೆ ಬಾಕ್ಸ್ ಪೂರ್ತಿ ಬಿಚ್ಚಬೇಕಿಲ್ಲ ಅಂತ ಯಜಮಾನರಿಗೆ ಧೈರ್ಯವಾಗಿ ಫೋನ್ ಮಾಡಿದೆ. ಸೊಲೆನಾಯ್ಡನ್ನು ಹೊರಗಿಟ್ಟು ಹೀಟ್ ಗನ್ನಿಂದ ಕಾಯಿಸಿದೆ. ಮೀಟರ್ ಓದುವುದು ನಿಂತಿತು, ಆರಿದ ಮೇಲೆ ಮತ್ತೆ 13. ಒಳಗಿನ ವೈರನ್ನು ಬೇರೆಯಾಗಿ ಕಾಯಿಸಿ ನೋಡಿದೆ, ಅದು ಚೆನ್ನಾಗಿತ್ತು. ಹೊಸ ಸೊಲೆನಾಯ್ಡ್, ಫಿಲ್ಟರ್, ಗ್ಯಾಸ್ಕೆಟ್, ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡಿನದೇ ಆಯಿಲ್ ಹಾಕಿ ಕೋಡ್ ಅಳಿಸಿದೆ.

ಮತ್ತೆ ದುರ್ಗ ಹತ್ತಿಸಿದಾಗ ನಾಲ್ಕೂ ಗೇರ್ ಸರಿಯಾಗಿ ಬಿದ್ದವು. ಶಿರಾ ಹೈವೇಯಲ್ಲಿ ಮಾತ್ರ 70ರ ಹತ್ತಿರ, ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಸಣ್ಣ ನಡುಕ ಬಂತು. ಬ್ರೇಕ್ ಪೆಡಲ್ ಸ್ವಲ್ಪ ಮುಟ್ಟಿದರೆ ಮಾಯ. ಬ್ರೇಕ್ ಲೈಟ್ ಹತ್ತುವಷ್ಟು ಮುಟ್ಟಿದರೆ ಟಾರ್ಕ್ ಕನ್ವರ್ಟರಿನ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸಿಗೆ ಕೊಡುವ ಭಾಗ) ಲಾಕಪ್, ಅಂದರೆ ಎರಡನ್ನೂ ನೇರ ಹಿಡಿಯುವ ಕ್ಲಚ್, ಬಿಡುತ್ತದೆ, ಹಾಗಾಗಿ ನಡುಕ ಅಲ್ಲಿಂದಲೇ. ಪ್ಯಾನ್ ಬಿಚ್ಚಿದಾಗ ಕನ್ವರ್ಟರ್ ಒಳಗಿನ ಹಳೇ ಆಯಿಲ್ ಬರುವುದಿಲ್ಲ, ಹೊಸದರ ಜೊತೆ ಬೆರೆತುಕೊಳ್ಳುತ್ತದೆ. ನಡುಕ ಆ ಹಳೇ ಆಯಿಲಿನಿಂದಲೂ ಇರಬಹುದು, ಇನ್ನೊಂದು ಸಲ ಆಯಿಲ್ ಬದಲಿಸಿ ನೋಡೋಣ, ಆಮೇಲೂ ನಡುಗಿದರೆ ಕನ್ವರ್ಟರ್ ಮಾತು ಎತ್ತೋಣ ಅಂತ ಹೇಳಿ ಗಾಡಿ ಕಳಿಸಿದೆ.